ಅಟ್ಟದ ಗುರುತು ಹಾಕಿದ ವಿಮಾನಗಳು

ಹಂದನಕೆರೆ ಹತ್ತಿರದ ನಮ್ಮ ಹಳ್ಳಿಯಲ್ಲಿ ಕೂತುಕೊಂಡು ನಾನು ಒಂದು ಪರದೇಶದ ವಾಯುಪಡೆಯ ಅಷ್ಟೂ ವಿಮಾನಗಳನ್ನು ಬಾಯಿಪಾಠ ಮಾಡಿದ್ದೆ ಎಂದರೆ ಈಗಿನವರು ನಗುತ್ತಾರೆ. ನಗಲಿ, ಆಗಲೂ ನಕ್ಕವರೇನು ಕಮ್ಮಿ ಇರಲಿಲ್ಲ. ಯಾವುದು ಇನ್ನೂ ಹಾರುತ್ತಿದೆ, ಯಾವುದು ಮೂಲೆ ಸೇರಿದೆ, ಮೂಲೆ ಸೇರಿದ್ದು ಯಾವ ಮೂಲೆಯಲ್ಲಿದೆ, ಎಲ್ಲವೂ ನನಗೆ ಗೊತ್ತಿತ್ತು. ಆ ದೇಶದ ಹೆಸರು ಹೇಳುವುದಿಲ್ಲ. ಭೂಪಟದ ಮೇಲೆ ಹೆಬ್ಬೆರಳಿಟ್ಟರೆ ಮುಚ್ಚಿಹೋಗುವ ಒಂದು ದ್ವೀಪ. ನಡೆದದ್ದರಲ್ಲಿ ಅದರ ತಪ್ಪೇನೂ ಇಲ್ಲ. ತಪ್ಪು ಯಾರದೆಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಸಿಟ್ಟೆಲ್ಲ ಇಳಿದುಹೋಗಿದೆ ಎಂದು ಸುಳ್ಳು ಹೇಳುವ ಆಸೆ ನನಗಿಲ್ಲ.

ನನಗೊಬ್ಬ ಗೆಳೆಯನಿದ್ದ. ತಿಪಟೂರಿನಲ್ಲಿ ಅವನ ಅಪ್ಪನದು ಕೊಬ್ಬರಿ ಮಂಡಿ. ಕಾಲೇಜಿನಲ್ಲಿ ಮೂರು ವರ್ಷ ನಾವಿಬ್ಬರೂ ಒಂದೇ ಬೆಂಚು. ಹೋಟೆಲಿನಲ್ಲಿ ಒಂದು ದೋಸೆಯನ್ನು ಇಬ್ಬರು ಹರಿದು ತಿನ್ನುತ್ತಿದ್ದೆವು, ದೊಡ್ಡ ತುಂಡು ಯಾರಿಗೆ ಎಂದು ಜಗಳವಾಡುತ್ತಿದ್ದೆವು. ರಜೆ ಬಂದರೆ ಅವನು ಬಸ್ಸು ಹತ್ತಿ ನಮ್ಮೂರಿಗೆ ಬಂದುಬಿಡುತ್ತಿದ್ದ. ಅವ್ವ ಅವನಿಗೆ ರಾಗಿ ರೊಟ್ಟಿ ಬಡಿಸುವಾಗ ನನಗಿಂತ ಒಂದು ಚಮಚ ಬೆಣ್ಣೆ ಜಾಸ್ತಿಯೇ ಹಾಕುತ್ತಿದ್ದಳು. ಅವನ ಜೇಬಿನಲ್ಲಿ ಯಾವಾಗಲೂ ಒಂದು ಹಸಿರು ಇಂಕಿನ ಪೆನ್ನು ಇರುತ್ತಿತ್ತು. ದೊಡ್ಡ ಆಫೀಸರುಗಳು ಮಾತ್ರ ಹಸಿರಿನಲ್ಲಿ ಬರೆಯುತ್ತಾರಂತೆ, ಇವನಿಗೆ ಆಫೀಸರಾಗುವ ಮುಂಚೆಯೇ ಅಭ್ಯಾಸ ಬೇಕಿತ್ತು.

ಇಬ್ಬರಿಗೂ ವಿಮಾನದ ಹುಚ್ಚು. ಎಲ್ಲಿಂದ ಹತ್ತಿತೋ ಕಾಣೆ. ನಮ್ಮ ಮೇಲೆ ವಿಮಾನ ಹೋಗುವುದೇ ಅಪರೂಪ, ಹೋದರೂ ಆಕಾಶದಲ್ಲಿ ಒಂದು ಬಿಳಿ ಗೆರೆ, ಅಷ್ಟೇ. ನನ್ನ ಹತ್ತಿರ ಒಂದು ಟ್ರಾನ್ಸಿಸ್ಟರ್ ಇತ್ತು. ಪೋಸ್ಟಾಫೀಸಿನಲ್ಲಿ ಕಟ್ಟಬೇಕಾದ ಲೈಸೆನ್ಸು ಕಟ್ಟಿಯೇ ಇಟ್ಟುಕೊಂಡದ್ದು. ಮನೆ ಹಿಂದಿನ ಎರಡು ತೆಂಗಿನ ಮರಗಳಿಗೆ ಉದ್ದ ತಾಮ್ರದ ತಂತಿ ಬಿಗಿದು, ಅದರ ಒಂದು ತುದಿಯನ್ನು ರೇಡಿಯೋಗೆ ಸಿಕ್ಕಿಸಿದರೆ ಸಂಜೆ ಹೊತ್ತಿಗೆ ದೂರ ದೂರದ ಇಂಗ್ಲಿಷ್ ಸ್ಟೇಷನ್ನುಗಳು ಸಿಗುತ್ತಿದ್ದವು. ಅಂಥದ್ದೊಂದರಲ್ಲಿ ಕೇಳುಗರ ಪತ್ರ ಓದುವ ಕಾರ್ಯಕ್ರಮವಿತ್ತು. ಪತ್ರಮಿತ್ರರು ಬೇಕಾದವರು ವಿಳಾಸ ಕಳಿಸಿ ಅಂದರು, ಕಳಿಸಿದೆ. ನನ್ನ ಹವ್ಯಾಸ ವಿಮಾನ ಎಂದು ಬರೆದಿದ್ದೆ. ನೋಡಿದ್ದು ಒಂದೂ ಇಲ್ಲ ಎಂಬುದನ್ನು ಬರೆದಿರಲಿಲ್ಲ.

ಎರಡು ತಿಂಗಳಿಗೆ ಒಂದು ಏರೋಗ್ರಾಮ್, ಅದೇ ಮಡಚಿ ಅಂಟಿಸುವ ವಿದೇಶದ ಅಂಚೆ ಕಾಗದ, ಬಂತು. ಬರೆದವರು ಆ ದ್ವೀಪದ ಒಬ್ಬ ನಿವೃತ್ತ ಟೀಚರ್, ಒಂಟಿ ಹೆಂಗಸು. ಅವರ ಮನೆಯ ಹಿತ್ತಲಿನ ಬೇಲಿ ಮುಗಿದ ಕಡೆಯಿಂದಲೇ ಆ ದೇಶದ ವಾಯುಪಡೆಯ ಮೈದಾನ ಶುರುವಾಗುತ್ತಿತ್ತು. ಬಟ್ಟೆ ಒಣಗಿ ಹಾಕುವಾಗ ಎಲ್ಲ ಕಾಣಿಸುತ್ತದೆ ಎಂದು ಬರೆದಿದ್ದರು. ಒಂದು ದೇಶದ ಇಡೀ ವಾಯುಪಡೆ ಒಬ್ಬ ಮುದುಕಿಯ ಹಿತ್ತಲಿನಿಂದ ಕಾಣಿಸುತ್ತದೆ ಎಂದರೆ ಅದೆಷ್ಟು ಪುಟ್ಟದಿರಬೇಕು ಯೋಚಿಸಿ. ನಮಗೆ ಬೇಕಾಗಿದ್ದದ್ದೂ ಅದೇ. ನಮ್ಮ ದೇಶದ ವಿಮಾನಗಳನ್ನು ಬರೆದುಕೊಳ್ಳಲು ಹೊರಟರೆ ಎಂದಿಗೂ ಮುಗಿಯುವುದಿಲ್ಲ, ಮೇಲಾಗಿ ಅದು ತಪ್ಪು ಎನ್ನುವ ಬುದ್ಧಿ ನಮಗಿಬ್ಬರಿಗೂ ಇತ್ತು. ಈ ಪುಟ್ಟ ದೇಶದ್ದಾದರೆ ಒಂದು ನೋಟ್‌ಬುಕ್ಕಿನಲ್ಲಿ ಎಲ್ಲವೂ ಹಿಡಿಯುತ್ತದೆ, ಒಂದೂ ಬಿಟ್ಟುಹೋಗುವುದಿಲ್ಲ.

ಟೀಚರ್ ಬರೆಯುತ್ತಿದ್ದದ್ದು ಮನೆಮಂದಿಯ ಸುದ್ದಿ ಬರೆದ ಹಾಗೆ. ಎರಡು ಬಾಲದ ವ್ಯಾಂಪೈರ್ ಜೆಟ್ಟುಗಳಿಗೆ ವಯಸ್ಸಾಗಿದೆ, ಬೆಳಿಗ್ಗೆ ಚಳಿಗೆ ಬೇಗ ಏಳುವುದಿಲ್ಲ. ಹುಡುಗರಿಗೆ ಹಾರಾಟ ಕಲಿಸುವ ಚಿಪ್‌ಮಂಕ್ ಇವತ್ತು ಹುಲ್ಲಿನಲ್ಲಿ ಮೂಗು ಊರಿ ನಿಂತುಬಿಟ್ಟಿತು, ಯಾರಿಗೂ ಏನೂ ಆಗಲಿಲ್ಲ. ಅಲೂಯೆಟ್ ಹೆಲಿಕಾಪ್ಟರ್ ಮೀನುಗಾರನೊಬ್ಬನನ್ನು ಸಮುದ್ರದಿಂದ ಎತ್ತಿ ತಂದಿತು. ಅದು ನಮ್ಮಲ್ಲಿ ಚೇತಕ್ ಅನ್ನುತ್ತಾರಲ್ಲ, ಅದೇ. ನಿವೃತ್ತಿಯಾದವುಗಳ ಸುದ್ದಿ ಇನ್ನೂ ಚೆಂದ. ಯುದ್ಧಕಾಲದ ಒಂದು ವಿಮಾನದ ರೆಕ್ಕೆಯ ತಗಡು ಅವರ ಪಕ್ಕದ ರೈತನ ಕೋಳಿಗೂಡಿನ ಸೂರಾಗಿತ್ತು. ಇನ್ನೊಂದನ್ನು ಬೆಂಕಿ ಆರಿಸುವುದನ್ನು ಕಲಿಸಲು ವಾರಕ್ಕೊಮ್ಮೆ ಸುಡುತ್ತಿದ್ದರು, ಪಾಪ, ಎಷ್ಟು ಸಲ ಸುಟ್ಟರೂ ಅದು ಮುಗಿಯುತ್ತಿರಲಿಲ್ಲವಂತೆ.

ಈಗ ನಮ್ಮ ಅಟ್ಟದ ವಿಷಯ ಹೇಳಬೇಕು. ನಮ್ಮ ಸೀಮೆಯಲ್ಲಿ ಕೊಬ್ಬರಿ ಮಾಡುವುದಕ್ಕೆ ಕಾಯಿ ಒಡೆಯುವುದಿಲ್ಲ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಏರಿಸಿ ವರ್ಷದ ತನಕ ಬಿಟ್ಟುಬಿಡುತ್ತೇವೆ. ಕೆಳಗಿನ ಒಲೆಯ ಹೊಗೆ, ಮೇಲಿನ ಹೆಂಚಿನ ಕಾವು ಎರಡೂ ತಾಗಿ ಒಳಗಿನ ನೀರು ತಾನಾಗಿ ಇಂಗುತ್ತದೆ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಆಗಿದೆಯೋ ಇಲ್ಲವೋ ಎಂದು ತಿಳಿಯಲು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಗೊಟಗೊಟ ಅಂದರೆ ಆಯಿತು. ಯಾವ ರಾಶಿ ಯಾವಾಗ ಏರಿತು ಎಂದು ಮರೆಯಬಾರದಲ್ಲ, ಅದಕ್ಕೆ ಅಟ್ಟದ ಕಂಬದ ಮೇಲೆ ಸುಣ್ಣದಲ್ಲಿ ಗುರುತು ಹಾಕುವುದು. ಹೊಸದಾಗಿ ಏರಿಸಿದ ರಾಶಿಗೆ ಚುಕ್ಕೆ. ನೀರು ಇಂಗುತ್ತಿದೆ, ಕೈ ಹಾಕಬೇಡಿ ಎನ್ನುವುದಕ್ಕೆ ಗೀಟು. ಆಗಿದ್ದು, ಇಳಿಸಿದ್ದು ಎಂದರೆ ಸೊನ್ನೆ. ಇಲಿ ಕಡಿದದ್ದಕ್ಕೆ, ಕೊಳೆತದ್ದಕ್ಕೆ ಅಡ್ಡಗೀಟು. ತಿಪಟೂರು ಸೀಮೆಗೆಲ್ಲ ಇದೇ ಪದ್ಧತಿ ಎಂದು ನಾನು ಆಣೆ ಮಾಡಲಾರೆ, ನಮ್ಮ ಸುತ್ತಲಿನ ಮನೆಗಳಲ್ಲಿ ಮಾತ್ರ ಇತ್ತು. ಅಕ್ಷರ ಬಾರದ ನಮ್ಮಜ್ಜಿ ಆ ಕಂಬವನ್ನು ಪೇಪರಿನಂತೆ ಓದುತ್ತಿದ್ದಳು.

ಈ ಗುರುತನ್ನು ವಿಮಾನಗಳಿಗೆ ಹಾಕೋಣ ಎಂದವನು ನಾನಲ್ಲ, ನನ್ನ ಗೆಳೆಯ. ಒಂದು ಬೇಸಿಗೆ ರಜೆಯಲ್ಲಿ ಅಟ್ಟದ ಮೇಲೆ ಕಾಯಿ ಮಗುಚುತ್ತಿದ್ದಾಗ ಅವನಿಗೆ ಹೊಳೆದದ್ದು.

"ಲೇ, 'ಸೇವೆಯಲ್ಲಿದೆ', 'ನಿವೃತ್ತಿಯಾಗಿದೆ' ಅಂತ ಎಷ್ಟು ಸಲ ಗೀಚ್ತೀಯ? ನಿಮ್ಮಜ್ಜಿ ಲಿಪೀನೇ ಸಾಕು ಕಣ್ಲಾ. ಹೊಸದು ಬಂತಾ, ಚುಕ್ಕೆ. ಹಾರ್ತಾ ಐತಾ, ಗೀಟು. ನಿಲ್ಸಿದ್ರಾ, ಇಳಿಸಿದ್ದು, ಸೊನ್ನೆ. ಬಿದ್ದು ಹಾಳಾಯ್ತಾ, ಅಡ್ಡಗೀಟು. ಮುಗೀತು!"

ಅವತ್ತಿನಿಂದ ನೋಟ್‌ಬುಕ್ಕಿನ ಅರ್ಧ ನನ್ನ ನೀಲಿ ಇಂಕಿನಲ್ಲಿ, ಅರ್ಧ ಅವನ ಹಸಿರು ಇಂಕಿನಲ್ಲಿ ತುಂಬತೊಡಗಿತು. ವಿಮಾನದ ಬಾಲದ ಮೇಲಿನ ನಂಬರು, ಜಾತಿ, ಬಂದ ವರ್ಷ, ಪಕ್ಕದಲ್ಲಿ ಗುರುತು. ಒಂದು ವಿಮಾನಕ್ಕೆ ಚುಕ್ಕೆ, ಆಮೇಲೆ ಗೀಟು, ಆಮೇಲೆ ಸೊನ್ನೆ ಸೇರುತ್ತಾ ಹೋದರೆ ಅದರ ಆಯುಷ್ಯವೆಲ್ಲ ಒಂದು ಸಾಲಿನಲ್ಲಿ ಕಾಣಿಸುತ್ತಿತ್ತು. ಟೀಚರಿಗೂ ಈ ಪದ್ಧತಿ ಬರೆದು ತಿಳಿಸಿದೆ. ಅವರಿಗೆ ಅದು ಎಷ್ಟು ಹಿಡಿಸಿತೆಂದರೆ ಮುಂದಿನ ಪತ್ರದಿಂದ ಅವರೂ ಅದನ್ನೇ ಬಳಸಿದರು. ತೆಂಗಿನ ಮರವನ್ನು ಕಣ್ಣಿಂದ ಕಂಡಿರದ ಆಕೆ ನಮ್ಮಜ್ಜಿಯ ಕಂಬದ ಗುರುತನ್ನು ತಪ್ಪಿಲ್ಲದೆ ಬರೆಯುತ್ತಿದ್ದರು. ಇದನ್ನು ನೀವು ನೆನಪಿಟ್ಟುಕೊಳ್ಳಬೇಕು.

ಓದು ಮುಗಿಯಿತು. ಅವನು ಅಪ್ಪನ ಮಂಡಿಯಲ್ಲಿ ಕೂತ. ನಾನು ತೋಟ ನೋಡಿಕೊಳ್ಳುತ್ತಾ ಸಿಕ್ಕಸಿಕ್ಕ ಕಡೆಗೆಲ್ಲ ಅರ್ಜಿ ಹಾಕಿದೆ. ಬೆಂಗಳೂರಿನ ಕಡೆಯ ಒಂದು ಕಾರ್ಖಾನೆಯಲ್ಲಿ ವಿಮಾನದ ಬಿಡಿಭಾಗಗಳನ್ನು ಪರೀಕ್ಷೆ ಮಾಡುವ ಕೆಲಸಕ್ಕೆ ಕರೆ ಬಂತು. ಇಂಟರ್‌ವ್ಯೂನಲ್ಲಿ ವ್ಯಾಂಪೈರಿನ ರೆಕ್ಕೆಯ ಬಗ್ಗೆ ಏನೋ ಕೇಳಿದರು, ನಾನು ನಿಲ್ಲಿಸದೆ ಹೇಳಿದೆ. ಕೇಳಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಯ್ಕೆಯಾಗಿದ್ದೀರಿ, ಪೊಲೀಸ್ ವಿಚಾರಣೆ ಮುಗಿದ ಮೇಲೆ ಆರ್ಡರು ಬರುತ್ತದೆ ಎಂದು ಕಾಗದ ಬಂತು. ಆ ದಿನ ನನಗೆ ಆದ ಸಂತೋಷ ಆಮೇಲೆ ಮದುವೆಯಲ್ಲೂ ಆಗಲಿಲ್ಲ. ಕೊನೆಗೂ ಒಂದು ವಿಮಾನವನ್ನು ಕೈಯಿಂದ ಮುಟ್ಟುವವನಿದ್ದೆ.

ಅದು ಎಮರ್ಜೆನ್ಸಿಯ ಕಾಲ. ವಿಚಾರಣೆಗೆ ಒಬ್ಬ ವಯಸ್ಸಾದ ಕಾನ್‌ಸ್ಟೇಬಲ್ ಸೈಕಲ್ಲಿನಲ್ಲಿ ಬಂದ. ಜಗಲಿಯ ಮೇಲೆ ಕೂತು ಅವ್ವ ಕೊಟ್ಟ ಮಜ್ಜಿಗೆ ಕುಡಿಯುತ್ತಾ, ಹುಡುಗ ಹೇಗೆ ಏನು ಎಂದು ಕೇಳಿ, ತಲೆಯೆತ್ತಿ ಮರದ ತಂತಿ ನೋಡಿದ. "ಇದೇನಪ್ಪ, ಬಟ್ಟೆ ಒಣಗಾಕಾಕೆ ಇಷ್ಟು ಎತ್ತರ ಯಾಕೆ?" ಅಂದ. ನಾನು ರೇಡಿಯೋ ತೋರಿಸಿದೆ, ಲೈಸೆನ್ಸು ತೋರಿಸಿದೆ. ಅಷ್ಟಕ್ಕೆ ಸುಮ್ಮನಾಗಬೇಕಿತ್ತು. ಆದರೆ ನನ್ನ ತಲೆಯಲ್ಲಿ ಆಗ ಕೊಬ್ಬು ತುಂಬಿತ್ತು. ನನಗೆ ವಿಮಾನದ ಮೇಲೆ ಎಷ್ಟು ಪ್ರೀತಿ ಎಂದು ಆ ಮನುಷ್ಯ ಬರೆದುಕೊಂಡು ಹೋಗಲಿ ಎಂಬ ಆಸೆಗೆ ಒಳಗಿನಿಂದ ನೋಟ್‌ಬುಕ್ಕು ತಂದು ಅವನ ತೊಡೆಯ ಮೇಲಿಟ್ಟೆ. ಅವನು ಒಂದೊಂದೇ ಹಾಳೆ ಮಗುಚಿದ. ಮಜ್ಜಿಗೆ ಲೋಟ ಕೆಳಗಿಟ್ಟು ಸೈಕಲ್ ಹತ್ತಿದ.

ಮಾರನೆಯ ದಿನವೇ ಜೀಪು ಬಂತು. ಸಬ್ ಇನ್ಸ್‌ಪೆಕ್ಟರ್ ಹೊಸಬರು, ಕರಾವಳಿ ಕಡೆಯವರು. ಕೆಟ್ಟ ಮನುಷ್ಯರೆಂದು ಈಗಲೂ ಹೇಳಲಾರೆ. ನನ್ನ ಮೇಲೆ ಕೈ ಮಾಡಲಿಲ್ಲ, ಅಪ್ಪನನ್ನು ಬಹುವಚನದಲ್ಲೇ ಮಾತಾಡಿಸಿದರು. ನೋಟ್‌ಬುಕ್ಕು, ಟೀಚರ್ ಬರೆದ ಅಷ್ಟೂ ಏರೋಗ್ರಾಮು, ರೇಡಿಯೋ, ತಂತಿ ಎಲ್ಲವನ್ನೂ ಜೀಪಿಗೆ ಹಾಕಿಸಿ ನನ್ನನ್ನೂ ಕೂರಿಸಿಕೊಂಡರು. ಅಪ್ಪ ಚಪ್ಪಲಿ ಕೂಡ ಮೆಟ್ಟದೆ ಜೀಪಿನ ಹಿಂದೆ ಹತ್ತಿಕೊಂಡ.

ಠಾಣೆಯಲ್ಲಿ ನೋಟ್‌ಬುಕ್ಕನ್ನು ಮೇಜಿನ ಮೇಲೆ ಬಿಚ್ಚಿಟ್ಟರು. ವಿದೇಶದ ಮಿಲಿಟರಿ ವಿಮಾನ, ನಂಬರು, ಪಕ್ಕದಲ್ಲಿ ಚುಕ್ಕೆ, ಗೀಟು, ಚುಕ್ಕೆ, ಗೀಟು. ತಂತಿ ಇಲಾಖೆಯ ಮೋರ್ಸ್ ಸಂಕೇತ ಬಲ್ಲವರಿಗೆ ಅದು ಏನು ಕಾಣಿಸಬಹುದೋ ಅದೇ ಅವರಿಗೂ ಕಾಣಿಸಿತ್ತು. ಜೊತೆಗೆ ಅದೇ ಸಂಕೇತ ವಿದೇಶದಿಂದ ಬಂದ ಪತ್ರಗಳಲ್ಲೂ ಇದೆ! ನಾನು ನಕ್ಕುಬಿಟ್ಟೆ. ಸಾರ್, ಇದು ಕೊಬ್ಬರಿ ಅಟ್ಟದ ಗುರುತು ಎಂದೆ. ಚುಕ್ಕೆ ಎಂದರೇನು, ಸೊನ್ನೆ ಎಂದರೇನು ಎಲ್ಲ ಬಿಡಿಸಿ ಹೇಳಿದೆ.

ಅವರು ನಗಲಿಲ್ಲ. "ನಮ್ಮ ಮನೆಯಲ್ಲೂ ತೆಂಗು ಉಂಟು ಮಾರಾಯ. ನಾನು ಹುಟ್ಟಿದ್ದೇ ತೆಂಗಿನ ತೋಟದಲ್ಲಿ. ಕಾಯಿ ಒಡೆದು ಅಂಗಳದಲ್ಲಿ ಬಿಸಿಲಿಗೆ ಹಾಕಿದರೆ ಒಂದು ವಾರದಲ್ಲಿ ಕೊಬ್ಬರಿ. ಅದಕ್ಕೆ ಅಟ್ಟ ಯಾಕೆ, ವರ್ಷ ಯಾಕೆ, ಗುರುತು ಯಾಕೆ? ನನ್ನ ಕಿವಿಯಲ್ಲಿ ಹೂ ಇಡುವುದು ಬೇಡ."

ಇದು ನನ್ನ ಹಣೆಬರಹ ನೋಡಿ. ತೆಂಗು ಕಾಣದ ಊರಿನವರು ಬಂದಿದ್ದರೆ ನನ್ನ ಮಾತು ನಂಬಿಬಿಡುತ್ತಿದ್ದರೇನೋ. ಬಂದವರಿಗೆ ತೆಂಗಿನ ವಿಷಯ ಗೊತ್ತಿತ್ತು, ನಮ್ಮ ತೆಂಗಿನ ವಿಷಯ ಗೊತ್ತಿರಲಿಲ್ಲ. ಅಪ್ಪ ಮುಂದೆ ಬಂದು ಕೈಮುಗಿದು, "ಹೌದು ಸ್ವಾಮಿ, ನಮ್ಮವ್ವ ಹಾಕ್ತಿದ್ದ ಗುರುತು ಇವು, ಬಂದು ಅಟ್ಟ ನೋಡಿ" ಎಂದ. ಇನ್ಸ್‌ಪೆಕ್ಟರು, "ನೀವು ಹುಡುಗನ ತಂದೆ, ಹಾಗೆ ಹೇಳಲೇಬೇಕು. ಈಗ ಹೋಗಿ ಕಂಬದ ಮೇಲೆ ಬರೆದಿಡುವುದೂ ಕಷ್ಟವಲ್ಲ. ನಿಮ್ಮ ಮನೆಯವರಲ್ಲದ, ನಿಮ್ಮೂರಿನವರೂ ಅಲ್ಲದ, ಕೊಬ್ಬರಿ ವ್ಯಾಪಾರ ಬಲ್ಲ ಯಾರಾದರೂ ಒಬ್ಬರು ಬಂದು ಇದು ಅಟ್ಟದ ಗುರುತು ಎಂದು ಒಂದು ಮಾತು ಹೇಳಲಿ. ನಾನು ಅಲ್ಲಿಗೇ ಮುಚ್ಚಿಬಿಡುತ್ತೇನೆ" ಎಂದರು.

ಒಂದು ಮಾತು. ನಾನು ತಕ್ಷಣ ಗೆಳೆಯನ ಹೆಸರು ಹೇಳಿದೆ, ಅವನ ಮಂಡಿಯ ಹೆಸರು ಹೇಳಿದೆ. ಹೇಳುವಾಗ ನನಗೆ ಖುಷಿಯೇ ಆಯಿತು. ಅವನು ಬಂದು ಇನ್ಸ್‌ಪೆಕ್ಟರಿಗೆ ಹೇಗೆ ಪಾಠ ಮಾಡುತ್ತಾನೆ, ಆಮೇಲೆ ಹೊರಗೆ ಬಂದು ಇಬ್ಬರೂ ಹೇಗೆ ನಗುತ್ತೇವೆ ಎಂದು ಬೆಂಚಿನ ಮೇಲೆ ಕೂತು ಯೋಚಿಸುತ್ತಿದ್ದೆ. ಟೀಚರಿಗೆ ಇದನ್ನೆಲ್ಲ ಬರೆಯಬೇಕು ಎಂದೂ ಅಂದುಕೊಂಡೆ.

ಮಧ್ಯಾಹ್ನದ ಹೊತ್ತಿಗೆ ಅವನು ಬಂದ, ಅವನ ಅಪ್ಪನ ಸ್ಕೂಟರಿನ ಹಿಂದೆ ಕೂತು. ಅವನ ಅಪ್ಪ ಒಳಗೆ ಬಂದವರೇ ಟೋಪಿ ತೆಗೆದು ನಿಂತರು. ಆಗ ಊರೂರಿನಲ್ಲಿ ವ್ಯಾಪಾರಿಗಳ ಗೋದಾಮಿಗೆ ನುಗ್ಗಿ ದಾಸ್ತಾನು ತಪಾಸಣೆ ಮಾಡುತ್ತಿದ್ದರು, ಪೊಲೀಸರೆಂದರೆ ಮಂಡಿಯವರ ಜೀವ ಬಾಯಿಗೆ ಬರುತ್ತಿತ್ತು. ಇದು ನನಗೆ ಆಗಲೂ ಗೊತ್ತಿತ್ತು. ಗೆಳೆಯ ಬಿಳಿ ಶರ್ಟು ಹಾಕಿದ್ದ. ಜೇಬಿನಲ್ಲಿ ಪೆನ್ನಿರಲಿಲ್ಲ. ಅದನ್ನು ಕಂಡಾಗಲೇ ನನಗೆ ತಿಳಿಯಬೇಕಿತ್ತು.

ಇನ್ಸ್‌ಪೆಕ್ಟರು ನೋಟ್‌ಬುಕ್ಕನ್ನು ಅವನ ಕಡೆ ತಿರುಗಿಸಿದರು. ತೆರೆದಿದ್ದ ಪುಟ ಅವನದೇ, ಮೇಲಿಂದ ಕೆಳಗಿನ ತನಕ ಹಸಿರು. ಎರಡು ಬಣ್ಣದ ಇಂಕು ಯಾಕೆ ಎಂದು ಅವರು ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

"ಇದು ಏನು ಗೊತ್ತುಂಟಾ?"

ಅವನು ನೋಡಿದ. ನನ್ನ ಕಡೆ ನೋಡಲಿಲ್ಲ.

"ಗೊತ್ತಿಲ್ಲ ಸಾರ್."

"ಕೊಬ್ಬರಿಯವರು ಹಾಕುವ ಗುರುತು ಎಂದು ಇವನು ಹೇಳುತ್ತಾನೆ."

"ನಮ್ಮ ಮಂಡೀಲಿ ಹಿಂಗೆಲ್ಲಾ ಹಾಕಲ್ಲ ಸಾರ್."

ಅದು ಸುಳ್ಳಲ್ಲ, ನೋಡಿ. ಮಂಡಿಯಲ್ಲಿ ಹಾಕುವುದಿಲ್ಲ, ಮನೆಯ ಅಟ್ಟದಲ್ಲಿ ಹಾಕುವುದು. ಅಷ್ಟು ಹೊತ್ತಿನಲ್ಲಿ ಅಷ್ಟು ಅಚ್ಚುಕಟ್ಟಾದ ಮಾತನ್ನು ಅವನು ಎಲ್ಲಿಂದ ಹುಡುಕಿದ ಎಂದು ನನಗೆ ಇವತ್ತಿಗೂ ಆಶ್ಚರ್ಯ. ಬಹುಶಃ ಸ್ಕೂಟರಿನ ಮೇಲೆ ದಾರಿಯುದ್ದಕ್ಕೂ ಹುಡುಕಿಕೊಂಡೇ ಬಂದಿದ್ದ.

ಆ ಹಸಿರು ಇಂಕು ಅವನದೇ ಸಾರ್, ಒಂದು ಕಾಗದ ಕೊಟ್ಟು ಬರೆಸಿ ನೋಡಿ ಎಂದಿದ್ದರೆ ಮುಗಿಯುತ್ತಿತ್ತು. ನಾನು ಹೇಳಲಿಲ್ಲ. ಅವನೇ ಹೇಳುತ್ತಾನೆ, ಇನ್ನೊಂದು ಗಳಿಗೆ ಬಿಟ್ಟು ಹೇಳುತ್ತಾನೆ, ಬಾಗಿಲ ತನಕ ಹೋಗಿ ತಿರುಗಿ ಬಂದು ಹೇಳುತ್ತಾನೆ ಎಂದು ಕಾಯುತ್ತಾ ಕೂತೆ. ಅವನು ಬಾಗಿಲು ದಾಟಿದ. ಸ್ಕೂಟರು ಮೊದಲ ಒದೆತಕ್ಕೇ ಸ್ಟಾರ್ಟ್ ಆಯಿತು. ಅಪ್ಪ ಆ ಶಬ್ದ ದೂರವಾಗುವ ತನಕ ನೆಲ ನೋಡುತ್ತಾ ನಿಂತಿದ್ದ.

ನನ್ನನ್ನು ಜೈಲಿಗೆ ಹಾಕಲಿಲ್ಲ. ಸಂಜೆಗೆ ಮನೆಗೆ ಕಳಿಸಿದರು. ಪತ್ರ ವ್ಯವಹಾರ ನಿಲ್ಲಿಸಬೇಕು ಎಂದು ಬರೆಸಿಕೊಂಡರು. ರೇಡಿಯೋ ಎಷ್ಟೋ ತಿಂಗಳ ಮೇಲೆ ಬಂತು, ಒಳಗಿನ ಸದ್ದು ಸತ್ತಿತ್ತು. ನೋಟ್‌ಬುಕ್ಕು ಬರಲಿಲ್ಲ. ಕಾರ್ಖಾನೆಯಿಂದ ಒಂದು ಕಾಗದ ಬಂತು, ನಿಮ್ಮ ಆಯ್ಕೆಯನ್ನು ಮುಂದುವರಿಸಲು ಆಗುತ್ತಿಲ್ಲ ಎಂದು ಎರಡು ಸಾಲು. ಕಾರಣ ಬರೆದಿರಲಿಲ್ಲ. ಅವ್ವ ಅದನ್ನು ಓದಿಸಿಕೊಂಡು, "ಆ ಹುಡುಗ ಯಾಕಂಗಂದ?" ಎಂದು ಕೇಳಿದಳು. ಕೆಲಸದ ವಿಷಯ ಕೇಳಲಿಲ್ಲ. ಅವನ ರೊಟ್ಟಿಗೆ ಹಾಕಿದ ಬೆಣ್ಣೆಯೇ ಅವಳ ಗಂಟಲಿನಲ್ಲಿ ಸಿಕ್ಕಿಕೊಂಡಿತ್ತು ಎಂದು ಕಾಣುತ್ತದೆ.

ಕೊನೆಯ ಏರೋಗ್ರಾಮು ಒಂದು ಬಂತು. ಯಾರೋ ಮುಂಚೆಯೇ ಬಿಚ್ಚಿ ಮತ್ತೆ ಅಂಟಿಸಿದ್ದರು. ಟೀಚರ್ ಬರೆದಿದ್ದರು: ವ್ಯಾಂಪೈರುಗಳನ್ನೆಲ್ಲ ನಿಲ್ಲಿಸಿಬಿಟ್ಟರು, ಕೊನೆಯ ದಿನ ನಾನು ಬೇಲಿಯ ಹತ್ತಿರ ನಿಂತು ಕೈಬೀಸಿದೆ, ನಿನ್ನ ಪುಸ್ತಕದಲ್ಲಿ ಗುರುತು ಹಾಕಿಕೋ. ಕೆಳಗೆ ಆ ವಿಮಾನಗಳ ನಂಬರು ಬರೆದು, ಒಂದೊಂದರ ಮುಂದೂ ದುಂಡಗೆ ಒಂದು ಸೊನ್ನೆ. ಇಳಿಸಿದ್ದು. ಸಮುದ್ರದಾಚೆಯ ಆಕೆಗೆ ಬರುತ್ತಿದ್ದ ಗುರುತು ತಿಪಟೂರಿನ ಮಂಡಿಯ ಮಗನಿಗೆ ಬರಲಿಲ್ಲವಲ್ಲ ಎಂದು ಮೈಯೆಲ್ಲ ಉರಿದುಹೋಯಿತು. ಆ ಪತ್ರಕ್ಕೆ ನಾನು ಉತ್ತರ ಬರೆಯಲಿಲ್ಲ. ಬರೆದರೆ ಮತ್ತೆ ಜೀಪು ಬರುತ್ತದೆ ಎಂದು ಭಯ. ಎಮರ್ಜೆನ್ಸಿ ಮುಗಿದ ಮೇಲೂ ಬರೆಯಲಿಲ್ಲ, ಆಗ ನಾಚಿಕೆ. ಆಕೆ ಎಷ್ಟು ದಿನ ಅಂಚೆ ಕಾದರೋ ನನಗೆ ಗೊತ್ತಿಲ್ಲ. ಅವನನ್ನು ಬೈಯುವಾಗ ಇದೂ ಒಂದು ನೆನಪಾಗಿ ಬಾಯಿ ಕಟ್ಟುತ್ತದೆ, ಆದರೂ ಬೈಯುವುದನ್ನು ಬಿಟ್ಟಿಲ್ಲ.

ನಾನು ತೋಟದಲ್ಲೇ ಉಳಿದೆ. ಮದುವೆಯಾಯಿತು, ಮಕ್ಕಳಾದವು. ತಿಪಟೂರಿನ ಆಫೀಸುಗಳಿಗೆ ಕೆಲಸದ ಮೇಲೆ ಹೋಗಿದ್ದಾಗ ಒಂದೆರಡು ಸಲ ಅವನನ್ನು ದೂರದಿಂದ ಕಂಡು ಹಾದಿ ಬದಲಿಸಿದ್ದೆ. ನಮ್ಮ ಕೊಬ್ಬರಿ ಮಾತ್ರ ಅವರ ಮಂಡಿಗೇ ಹೋಗುತ್ತಿತ್ತು. ಬೇರೆ ಕಡೆ ಹಾಕೋಣ ಎಂದು ನಾನು ಎಷ್ಟು ಸಲ ಕೂಗಾಡಿದರೂ ಅಪ್ಪ, "ಬುಡ್ಲಾ, ಅವರಪ್ಪಂಗೂ ನಂಗೂ ಇರೋ ನಂಬಿಕೆ ಬೇರೆ, ನಿಮ್ದು ಬೇರೆ" ಎನ್ನುತ್ತಿದ್ದ. ನನ್ನ ಬದುಕು ಮುರಿದ ಮನೆಗೇ ನನ್ನ ಕೈಯಿಂದಲೇ ಚೀಲ ಹೊಲಿಸಿ ಕಳಿಸುತ್ತಿದ್ದ. ಆ ಕಾರಣಕ್ಕೆ ಅಪ್ಪನ ಮೇಲೂ ನನಗೆ ಸಿಟ್ಟಿತ್ತು, ಇದೆ.

ಎಂಬತ್ತರ ದಶಕದ ನಡುವೆ ಒಂದು ವರ್ಷ ಅವನೇ ನಮ್ಮ ಮನೆಗೆ ಬಂದ. ಅವನ ಅಪ್ಪ ತೀರಿಕೊಂಡಿದ್ದರು, ಮಾಲು ನೋಡುವ ಗುಮಾಸ್ತೆಗೆ ಮೈ ಹುಷಾರಿರಲಿಲ್ಲವಂತೆ. ಹೊಟ್ಟೆ ಬಂದಿತ್ತು, ತಲೆಯ ಮುಂದೆ ಕೂದಲು ಹೋಗಿತ್ತು, ಜೇಬಿನಲ್ಲಿ ಮತ್ತೆ ಒಂದು ಪೆನ್ನು. ಅಪ್ಪನಿಗೆ ಮಂಡಿನೋವು, ಏಣಿ ಹತ್ತಲಾರ. "ನೀನೇ ಕರ್ಕಂಡೋಗಿ ತೋರ್ಸು" ಎಂದ. ತೋರಿಸದಿರಲು ನನಗೆ ಕಾರಣ ಬೇಕಾದಷ್ಟಿತ್ತು, ಆದರೆ ಮನೆಗೆ ಬಂದವನಿಗೆ ಇಲ್ಲ ಎನ್ನುವುದು ನಮ್ಮಲ್ಲಿ ಆಗದ ಕೆಲಸ. ಹತ್ತಿದೆವು.

ಅಟ್ಟದಲ್ಲಿ ಗಾಜಿನ ಹೆಂಚಿನಿಂದ ಒಂದು ತುಂಡು ಬಿಸಿಲು ಬಿದ್ದಿತ್ತು. ಹತ್ತು ವರ್ಷದಿಂದ ಇಬ್ಬರೂ ಒಂದು ಮಾತೂ ಆಡಿರಲಿಲ್ಲ. ಅವನು ಹಳೆಯ ಅಭ್ಯಾಸದಂತೆ ತಲೆ ತಗ್ಗಿಸಿ, ತೊಲೆಗೆ ಹಣೆ ತಾಗದಂತೆ ಒಳಗೆ ಹೋದ. ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದ. ಇನ್ನೊಂದು ಎತ್ತಿದ. ಮೌನ ಅವನಿಗೆ ಕಷ್ಟವಾಯಿತೋ ಏನೋ, ಕಂಬಗಳ ಕಡೆ ನೋಡುತ್ತಾ ವ್ಯಾಪಾರದ ಮಾತು ಶುರು ಮಾಡಿದ.

"ಇದು ಬುಡು, ಇನ್ನೂ ಚುಕ್ಕೆ, ಮೊನ್ನೆ ಏರ್ಸಿರೋದು. ಆ ಮೂಲೇದು ಗೀಟು, ಯುಗಾದಿ ಕಳೀಬೇಕು. ಇದು ಸೊನ್ನೆ ಹಾಕಿದ್ದೀರಿ, ಇಳಿಸಿರೋದು, ಮತ್ತೆ ಹೊಸದು ತುಂಬಿಲ್ವಾ? ಇಲ್ಲಿ ನೋಡು, ಅಡ್ಡಗೀಟು ಎರಡು ಕಂಬಕ್ಕೈತೆ. ಇಲಿ ಜಾಸ್ತಿ ಆಗವೆ ಕಣ್ಲಾ ನಿಮ್ಮನೇಲಿ…"

ಅಲ್ಲಿಗೆ ನಿಂತುಹೋದ. ಕೈಯಲ್ಲಿ ಕಾಯಿ ಕಿವಿಯ ಹತ್ತಿರವೇ ಇತ್ತು, ಅಲ್ಲಾಡಿಸುವುದನ್ನು ಮರೆತಿದ್ದ.

"ಓದಾಕೆ ಬತ್ತದಲ್ಲ ನಿಂಗೆ" ಎಂದೆ.

ಅವನು ಕಾಯಿಯನ್ನು ರಾಶಿಯ ಮೇಲೆ ಮೆಲ್ಲಗೆ ಇಟ್ಟ. ಕೆಳಗೆ ಅವ್ವ ಒಲೆ ಊದುವ ಸದ್ದು ಕೇಳಿಸುತ್ತಿತ್ತು, ಹೊಗೆ ಹಲಗೆಯ ಸಂದಿಯಿಂದ ಮೇಲೆ ಬರುತ್ತಿತ್ತು. ಅವನ ಕಣ್ಣಲ್ಲಿ ನೀರಿತ್ತು. ಹೊಗೆಗೋ ಬೇರೆಯದಕ್ಕೋ ನನಗೆ ತಿಳಿಯದು, ತಿಳಿದುಕೊಳ್ಳುವ ಮನಸ್ಸೂ ಇರಲಿಲ್ಲ.

"ಆಗ ಕಾಲ ಹಂಗಿತ್ತು ಕಣ್ಲಾ" ಎಂದ. "ಅಪ್ಪ ದಾರೀಲೆಲ್ಲಾ ಒಂದೇ ಹೇಳ್ತಾ ಬಂದ್ರು, ಏನೂ ಗೊತ್ತಿಲ್ಲ ಅನ್ನು, ಗೋದಾಮಿಗೆ ಬತ್ತಾರೆ, ಬೀಗ ಹಾಕ್ತಾರೆ ಅಂತ."

"ಆ ಪುಟ ನಿಂದೇ ಆಗಿತ್ತಲ್ಲ. ನಿನ್ನ ಹಸಿರು ಇಂಕು. ನಾನು ಬಾಯಿ ಬಿಟ್ಟಿದ್ರೆ ಏನ್ ಮಾಡ್ತಿದ್ದೆ?"

ಅವನು ಉರುಳಿ ಬಂದಿದ್ದ ಒಂದು ಕಾಯಿಯನ್ನು ಎತ್ತಿ ರಾಶಿಗೆ ಸೇರಿಸಿದ. ಕ್ಷಮಿಸು ಅನ್ನುತ್ತಾನೆ, ಹೆದರಿ ಸತ್ತೆ ಅನ್ನುತ್ತಾನೆ, ಅವತ್ತಿನಿಂದ ನಿದ್ದೆಯಿಲ್ಲ ಅನ್ನುತ್ತಾನೆ ಎಂದೆಲ್ಲ ನಾನು ಅಂದುಕೊಂಡೆ. ಯಾವುದನ್ನು ಅಂದಿದ್ದರೂ ಅವತ್ತು ನಾನು ಕರಗುತ್ತಿದ್ದೆ. ಸುಳ್ಳು ಯಾಕೆ ಹೇಳಲಿ, ಆಗಲೇ ಅರ್ಧ ಕರಗಿದ್ದೆ.

"ನೀನು ಹೇಳಲ್ಲ ಅಂತ ನಂಗೆ ಗೊತ್ತಿತ್ತು" ಎಂದ. "ನನ್ನನ್ನ ನೀನು ಹಿಡ್ಕೊಡಲ್ಲ ಅಂತ. ಆ ಧೈರ್ಯದ ಮೇಲೇ ಹೇಳ್ದೆ."

ನಾನು ಏಣಿ ಇಳಿದು ಬಂದೆ. ಅವನು ಆ ರಾಶಿಯಲ್ಲಿ ತನಗೆ ಬೇಕಾದದ್ದನ್ನು ನೋಡಿಕೊಂಡು, ಅಪ್ಪನ ಹತ್ತಿರ ಮಾತು ಮುಗಿಸಿ, ಅವ್ವ ಕೊಟ್ಟ ಕಾಫಿ ಕುಡಿದು ಹೋದ. ಆ ವರ್ಷವೂ ನಮ್ಮ ಕೊಬ್ಬರಿ ಅವನ ಮಂಡಿಗೇ ಹೋಯಿತು. ಹತ್ತು ವರ್ಷ ನಾನು ಅವನ "ಗೊತ್ತಿಲ್ಲ ಸಾರ್" ಎಂಬ ಮಾತಿಗೆ ಉರಿದುಕೊಂಡಿದ್ದೆ. ಈಗ ಅದರ ನೆನಪೇ ಬರುವುದಿಲ್ಲ. ಗೊತ್ತಿತ್ತು ಎಂದನಲ್ಲ, ಅದು ಹೋಗುತ್ತಿಲ್ಲ.